300 ಗ್ರಾಂ ಸುಣ್ಣದ ಲೆಕ್ಕ

ತಮ್ಮ ವಿಷಯವನ್ನು ನಿಜವಾಗಿ ಬಲ್ಲವರು ಬೇರೆ ವಿಷಯಕ್ಕೆ ಬಂದಾಗಲೂ ಅಷ್ಟೇ ಧೈರ್ಯವಾಗಿ ಮಾತಾಡಿ ಯಾಕೆ ಎಡವುತ್ತಾರೆ ಅಂತ ಕೇಳಿದ್ದೀರಿ. ಬೇರೆಯವರದ್ದು ಯಾಕೆ, ನನ್ನ ಕಥೆಯನ್ನೇ ಹೇಳುತ್ತೇನೆ.

ನಾನು ಶಿವಮೊಗ್ಗದಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುವವನು. ತೀರ್ಥಹಳ್ಳಿ ಕಡೆ ಸ್ವಲ್ಪ ಅಡಿಕೆ ತೋಟ ಇದೆ. ಅಪ್ಪ ಇರುವವರೆಗೆ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಔಷಧಿ ಹೊಡೆಸುವುದು ಅವರ ಕೆಲಸ. ಅವರು ಹೋದ ಮೇಲೆ ನನ್ನ ತಲೆಗೆ ಬಂತು. ಆ ಔಷಧಿಯೇ ಬೋರ್ಡೋ ದ್ರಾವಣ, 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆ.ಜಿ. ಸುಣ್ಣ.

ನಾನು ಕಾಗದ ಪೆನ್ನು ಹಿಡಿದೆ. ಮೈಲುತುತ್ತದ ಅಣುತೂಕ 250, ಅಂದರೆ ಕೆ.ಜಿ.ಗೆ 4 ಮೋಲ್ (ಅಣುಗಳನ್ನು ಎಣಿಸುವ ಅಳತೆ). ಸುಣ್ಣದ್ದು 74, ಅದೂ 4 ಮೋಲ್ ಅಂದರೆ ಹೆಚ್ಚುಕಮ್ಮಿ 300 ಗ್ರಾಂ ಸಾಕು. ಉಳಿದ 700 ಗ್ರಾಂ ಸುಮ್ನೆ ದಂಡ!

ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರು ಡ್ರಮ್ಮಿಗೆ ಇಣುಕಿ, "ಸುಣ್ಣ ಸಾಲ್ದು ಮೇಷ್ಟ್ರೇ, ಕತ್ತಿ ಅದ್ದಿ ನೋಡ್ತೀನಿ ಇರಿ" ಅಂದರು. "ಕತ್ತಿ ಎಲ್ಲ ಬೇಡ, ಲೆಕ್ಕ ಹಾಕಿದೀನಿ" ಅಂದೆ. ಮೇಷ್ಟ್ರ ಎದುರು ಎರಡನೇ ಸಲ ಯಾರು ಹೇಳುತ್ತಾರೆ? ಎರಡು ಡ್ರಮ್ ಹೊಡೆದಾಯಿತು. ಮೂರನೆಯದಕ್ಕೆ ಅವರು ನನ್ನನ್ನು ಕೇಳಲೇ ಇಲ್ಲ. ಕತ್ತಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು, ನನ್ನ ಮುಖದ ಹತ್ತಿರ ಹಿಡಿದರು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿತ್ತು, ಅಂದರೆ ಸುಣ್ಣ ಸಾಲದೆ ತಾಮ್ರ ಉಳಿದಿತ್ತು. ಮೈಲುತುತ್ತದ ನೀರಿಗೆ ಕಬ್ಬಿಣದ ಮೊಳೆ ಹಾಕಿ ಪ್ರತಿ ವರ್ಷ ಕ್ಲಾಸಿನಲ್ಲಿ ನಾನೇ ತೋರಿಸುವ ಪ್ರಯೋಗ ಅದು!

ಸುಣ್ಣದ ಮೂಟೆ ಹಿಂದಿನ ವರ್ಷದ್ದು. ಕೊಟ್ಟಿಗೆಯಲ್ಲಿ ಗಾಳಿ ಕುಡಿದು ಅರ್ಧಕ್ಕರ್ಧ ಸೀಮೆಸುಣ್ಣವಾಗಿತ್ತು. ಉಳಿದ ತಾಮ್ರ ಹಾಗೇ ಕಾಯಿಯ ಮೇಲೆ ಬಿತ್ತು. ವಾರದೊಳಗೆ ಆ ಎರಡು ಡ್ರಮ್ಮಿನ ಸಾಲುಗಳಲ್ಲಿ ಎಳೆ ಕಾಯಿ ಸುಟ್ಟ ಹಾಗಾಗಿ ಉದುರತೊಡಗಿದವು.

ಟ್ರ್ಯಾಕ್ಟರ್ ರಿಪೇರಿ ಮಾಡುವವರಿಗೆ ನಾನು ಯಾವತ್ತೂ ಬುದ್ಧಿ ಹೇಳಿಲ್ಲ. ಅಲ್ಲಿ ನನಗೆ ಏನೂ ತಿಳಿಯುವುದಿಲ್ಲ ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ. ಆದರೆ ಆ ಡ್ರಮ್ಮಿನಲ್ಲಿ ನನ್ನ ಲ್ಯಾಬಿನ ನೀಲಿ ಬಣ್ಣವೇ ಕಾಣಿಸಿತು. ಲ್ಯಾಬು ಎಲ್ಲಿ ಮುಗಿಯಿತು, ತೋಟ ಎಲ್ಲಿ ಶುರುವಾಯಿತು ಅಂತ ತಿಳಿಯಲೇ ಇಲ್ಲ. ನಿಮ್ಮ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಇದೇ.

ಲಾರ್ಡ್ ಕೆಲ್ವಿನ್ ಎಡವಿದ್ದೂ ಹೀಗೇ. (ಅವರ ಪಕ್ಕ ನನ್ನನ್ನು ನಿಲ್ಲಿಸಿಕೊಳ್ಳುವುದು ಜಾಸ್ತಿಯಾಯಿತು, ಇರಲಿ.) ಭೌತವಿಜ್ಞಾನಿ, ಶಾಖದ ವಿಷಯದಲ್ಲಿ ಬಹಳ ದೊಡ್ಡ ಹೆಸರು. ಕಾದ ಉಂಡೆ ತಣ್ಣಗಾಗುವ ಲೆಕ್ಕ ಹಿಡಿದು, ಭೂಮಿಯ ವಯಸ್ಸು 2ರಿಂದ 4 ಕೋಟಿ ವರ್ಷ ಅಂತ 1897ರಲ್ಲಿ ಹೇಳಿದರು. ಕಲ್ಲಿನ ಪದರ ಓದುವವರು ಅಷ್ಟು ಸಾಲದು ಅಂತಲೇ ಇದ್ದರು. ಕೆಲ್ವಿನ್ ಅವರ ಹಳೆಯ ಸಹಾಯಕ ಜಾನ್ ಪೆರಿ ಕೂಡ 1895ರಲ್ಲೇ ಎಚ್ಚರಿಸಿದ್ದರು: ಭೂಮಿಯ ಒಳಗೆ ಶಾಖ ಇನ್ನೂ ಸಲೀಸಾಗಿ ಸಾಗುತ್ತಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ ಅಂತ. ಈಗ ಆ ವಯಸ್ಸು ಸುಮಾರು 454 ಕೋಟಿ ವರ್ಷ. ಕೆಲ್ವಿನ್ ಗುಣಾಕಾರದಲ್ಲಿ ತಪ್ಪಿರಲಿಲ್ಲ. ಮೂಟೆ ಬಿಚ್ಚಿ ನೋಡಿರಲಿಲ್ಲ, ಅಷ್ಟೇ.

ಹೋದ ಜೂನ್‌ನಲ್ಲಿ ಔಷಧಿ ಹೊಡೆಸುವಾಗ ಲ್ಯಾಬಿನಿಂದ ಪಿಎಚ್ ಪೇಪರ್ (ಆಮ್ಲವೋ ಕ್ಷಾರವೋ ಅಂತ ಬಣ್ಣದಲ್ಲಿ ತೋರಿಸುವ ಕಾಗದ) ಒಯ್ದಿದ್ದೆ. ಕೊನೆಗಾರರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇರ್ಲಿ ಮೇಷ್ಟ್ರೇ, ಮೊದ್ಲು ಕತ್ತಿ ಕೊಡಿ" ಅಂದರು. ಕೊಟ್ಟೆ.