ರಕ್ತ ಬರುತ್ತದೆ ಅಂತ ಬ್ರಷ್ ಬಿಟ್ಟಿದ್ದ ಅಕ್ಕೋರು

ಕುಮಟಾ ಕಡೆಯ ಅಂಗನವಾಡಿ ಅಕ್ಕೋರು, ವಯಸ್ಸು ನಲವತ್ತರ ಆಸುಪಾಸು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದ್ದೇನೆ. ನಿದ್ದೆ ಬರುವುದಿಲ್ಲ, ಯಾರ ಜೊತೆಗೂ ಬೆರೆಯಲು ಮನಸ್ಸಿಲ್ಲ ಅಂತ ನನ್ನ ಹತ್ತಿರ ಬಂದಿದ್ದರು. ಮಾತಾಡುವಾಗಲೆಲ್ಲ ಸೆರಗಿನ ತುದಿ ಬಾಯಿಗೆ ಅಡ್ಡ. ಎರಡನೇ ಸಲ ಬಂದಾಗ ಮೆಲ್ಲಗೆ ಕೇಳಿದೆ, ಅತ್ತೇಬಿಟ್ಟರು. ಮಗುವೊಂದು "ಅಕ್ಕೋರೆ, ನಿಮ್ಮ ಬಾಯಿ ವಾಸ್ನೆ" ಅಂದಿತ್ತಂತೆ. ಆಮೇಲೆ ಮದುವೆ ಮನೆಗಳಿಗೆ ಹೋಗುವುದನ್ನೂ ಬಿಟ್ಟಿದ್ದರು.

"ಒಸಡಲ್ಲಿ ರಕ್ತ ಬರ್ತದೆ ಮೇಡಂ, ಅದಕ್ಕೆ ಬ್ರಷ್ ಮುಟ್ಟೋದೇ ಇಲ್ಲ, ಬೆರಳಲ್ಲೇ ಪುಡಿ ತಿಕ್ತೇನೆ. ಕ್ಲೀನ್ ಮಾಡಿಸಿದ್ರೆ ಹಲ್ಲು ಅಲ್ಲಾಡ್ತದೆ ಅಂತಾರಲ್ವಾ?"

ಬೇಸರ ಆಯಿತು. ಪಾಪ, ತನ್ನನ್ನೇ ಗಲೀಜು ಹೆಂಗಸು ಅಂದುಕೊಂಡಿದ್ದರು. ಹಾಗಾಗಿ ಮನಸ್ಸಿನ ಮಾತು ಬದಿಗಿಟ್ಟು ಮೊದಲು ಒಸಡಿನ ವಿಷಯವನ್ನೇ ಹೇಳಿದೆ.

ಒಸಡಿನ ಸಂದಿಯಲ್ಲಿ ಪಾಚಿ ಕೂತು ದಿನ ಕಳೆದರೆ ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಅಲ್ಲಿ ಹೆಚ್ಚುತ್ತವೆ. ಅವುಗಳಲ್ಲಿ ಪಾರ್ಫಿರೋಮೊನಾಸ್ ಜಿಂಜಿವಾಲಿಸ್ ಅನ್ನುವುದು ದೊಡ್ಡ ಕಿತಾಪತಿ. ಅದು ಜಿಂಜಿಪೇನ್ ಅನ್ನುವ ಕಿಣ್ವಗಳನ್ನು ಬಿಡುತ್ತದೆ. ಈ ಕಿಣ್ವಗಳು ಕತ್ತರಿಯ ಹಾಗೆ, ಒಸಡಿನ ಪ್ರೋಟೀನನ್ನೂ ಕತ್ತರಿಸುತ್ತವೆ, ರೋಗದ ವಿರುದ್ಧ ಹೋರಾಡಲು ಬರುವ ನಮ್ಮ ಪ್ರತಿಕಾಯಗಳನ್ನೂ ತುಂಡು ಮಾಡುತ್ತವೆ, ರಕ್ತನಾಳಗಳು ಸೋರುವಂತೆಯೂ ಮಾಡುತ್ತವೆ. ಆ ಬ್ಯಾಕ್ಟೀರಿಯಾಕ್ಕೆ ಬೇಕಾದ ಕಬ್ಬಿಣಾಂಶ ಸಿಗುವುದು ನಮ್ಮ ಹಿಮೋಗ್ಲೋಬಿನ್ನಿನಿಂದ, ಅಂದರೆ ಒಸಡಲ್ಲಿ ರಕ್ತ ಬಂದಷ್ಟೂ ಅದಕ್ಕೆ ಊಟ. ಟ್ರೆಪೊನೀಮಾ ಡೆಂಟಿಕೋಲಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾದ ಕಿಣ್ವ ಪ್ರೋಟೀನಿನ ಬಿಡಿಭಾಗವಾದ ಸಿಸ್ಟೀನ್ ಅನ್ನುವ ಅಮೈನೋ ಆಮ್ಲವನ್ನು ಒಡೆದು ಹೈಡ್ರೋಜನ್ ಸಲ್ಫೈಡ್ ಮಾಡುತ್ತದೆ. ಕೊಳೆತ ಮೊಟ್ಟೆಯ ವಾಸನೆ ಇರುವ ಅನಿಲ ಅದೇ. ಇದರಿಂದ ಒಸಡಲ್ಲಿ ಆಗುವ ಉರಿಯೂತ ವರ್ಷಗಟ್ಟಲೆ ಹಾಗೇ ಉಳಿದರೆ ನಮ್ಮದೇ ಜೀವಕೋಶಗಳು ಹಲ್ಲು ಹಿಡಿದಿರುವ ಮೂಳೆಯನ್ನು ಕರಗಿಸುತ್ತವೆ.

"ಹಂಗಾದ್ರೆ ನಾನು ಬ್ರಷ್ ಬಿಟ್ಟಿದ್ದು..." ಅಂತ ಅವರೇ ಅರ್ಧಕ್ಕೆ ನಿಲ್ಲಿಸಿದರು.

ಮೆತ್ತನೆ ಬ್ರಷ್ ತಗೊಳ್ಳಿ, ದಿನಕ್ಕೆ ಎರಡು ಸಲ ಒಸಡಿನ ಅಂಚು ತಾಗುವ ಹಾಗೆ ತಿಕ್ಕಿ, ಸ್ವಲ್ಪ ರಕ್ತ ಬಂದರೂ ನಿಲ್ಲಿಸಬೇಡಿ ಅಂದೆ. ಉಪ್ಪುನೀರು ಮುಕ್ಕಳಿಸಿದರೆ ಹಾಯೆನಿಸುತ್ತದೆ, ಆದರೆ ಪಾಚಿ ಗಟ್ಟಿಯಾಗಿ ಹಲ್ಲಿಗೆ ಅಂಟಿದ ಗಾರೆ ಹೋಗುವುದಿಲ್ಲ. ಅಂಗಡಿಯಿಂದ ಸುಮ್ನೆ ಆ್ಯಂಟಿಬಯಾಟಿಕ್ ತಂದು ನುಂಗುವುದು ಬೇಡವೇ ಬೇಡ. ಹಲ್ಲಿನ ಡಾಕ್ಟರಿಗೆ ತೋರಿಸಲೇಬೇಕು. ಒಸಡಿನ ಸಂದಿಯ ಆಳ 3 ಮಿಲಿಮೀಟರ್ ಒಳಗಿದ್ದರೆ ಸರಿ, ಅದಕ್ಕಿಂತ ಆಳವಾದರೆ ಬೇರಿನವರೆಗೂ ಕ್ಲೀನ್ ಮಾಡಬೇಕಾಗಬಹುದು. ಗಾರೆ ತೆಗೆದ ಮೇಲೆ ಹಲ್ಲಿನ ನಡುವೆ ಸಂದಿ ಕಾಣಬಹುದು, ಕೆಲವು ದಿನ ತಣ್ಣೀರು ಜುಮ್ಮೆನ್ನಬಹುದು. ಮೂಳೆ ಮೊದಲೇ ಕರಗಿದ್ದನ್ನು ಗಾರೆ ಮುಚ್ಚಿಟ್ಟಿರುತ್ತದೆ, ಹಲ್ಲು ಅಲ್ಲಾಡುತ್ತದೆ ಅನ್ನುವ ಭಯ ಹುಟ್ಟಿದ್ದು ಇಲ್ಲೇ. ಸಕ್ಕರೆ ಕಾಯಿಲೆಗೂ ಒಸಡಿನ ರೋಗಕ್ಕೂ ನಂಟಿದೆ, ಹಾಗಾಗಿ ರಕ್ತ ಪರೀಕ್ಷೆಗೂ ಕಳಿಸಿದೆ. ಸಕ್ಕರೆ ಜಾಸ್ತಿಯೇ ಇತ್ತು, ಈಗ ಮಾತ್ರೆ ಶುರುವಾಗಿದೆ.

ಮೂರು ತಿಂಗಳ ನಂತರ ಬಂದಾಗ ಸೆರಗು ಹೆಗಲ ಮೇಲಿತ್ತು. ರಕ್ತ ಬಹಳ ಕಡಿಮೆಯಾಗಿದೆ, ನಿದ್ದೆ ಪರವಾಗಿಲ್ಲ. ಕೆಳಗಿನ ಒಂದು ಹಲ್ಲು ಇನ್ನೂ ಅಲ್ಲಾಡುತ್ತದೆ, ಡಾಕ್ಟರು ನೋಡುತ್ತಿದ್ದಾರೆ. "ನಮ್ಮನೆಯವರಿಗೆ ರಕ್ತವೇ ಬರೋದಿಲ್ಲ, ಒಸಡು ಗಟ್ಟಿ" ಅಂದರು. ಅವರು ಬೀಡಿ ಸೇದುತ್ತಾರಂತೆ. ಸೇದುವವರಲ್ಲಿ ರೋಗ ಒಳಗೇ ಬೆಳೆದರೂ ರಕ್ತ ಕಡಿಮೆ ಕಾಣುತ್ತದೆ, ಮುಂದಿನ ಸಲ ಅವರನ್ನೂ ಕರ್ಕೊಂಡು ಬನ್ನಿ ಅಂದಿದ್ದೇನೆ.