ಎಂಟು ಡಾಲರ್, ಹನ್ನೊಂದು ಸೆಂಟಿನ ಕಾಗದ

ಮೊನ್ನೆ ಯುಗಾದಿ ಊಟದಲ್ಲಿ ಪಕ್ಕದಲ್ಲಿ ಕೂತು ಕೇಳಿದೆಯಲ್ಲಮ್ಮ, "ತಾತ, ನೀವು ಬಂದ ಕಾಲದಲ್ಲಿ ಇಲ್ಲಿ ಎಲ್ಲ ಅಗ್ಗ ಇತ್ತಂತೆ, ನಿಜವಾ? ಊಟಕ್ಕೆ ಏನು ಮಾಡ್ತಿದ್ರಿ? ಹೊತ್ತು ಹೇಗೆ ಹೋಗ್ತಿತ್ತು? ಊರಿನ ಸುದ್ದಿ ಹೇಗೆ ತಿಳೀತಿತ್ತು? ವಾಪಸ್ ಹೋಗಿಬಿಡೋಣ ಅನ್ನಿಸಲಿಲ್ವಾ?" ಅಂತ. ಅಷ್ಟರಲ್ಲಿ ಒಬ್ಬಟ್ಟು ಬಡಿಸಲು ಬಂದರು, ಮಕ್ಕಳ ಹಾಡು ಶುರುವಾಯಿತು. ನನ್ನ ಮಾತು ಅರ್ಧಕ್ಕೇ ನಿಂತಿತು. ನೀನು ಅಮೆರಿಕಕ್ಕೆ ಬಂದು ಇನ್ನೂ ಮೂರು ತಿಂಗಳು. ಕೊನೆಯ ಪ್ರಶ್ನೆ ಕೇಳುವಾಗ ನಿನ್ನ ದನಿ ಸಣ್ಣಗಾಯಿತು. ಅದು ಮನಸ್ಸಿನಲ್ಲೇ ಉಳಿದಿದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಬಂದದ್ದು 1962ರ ಸೆಪ್ಟೆಂಬರಿನಲ್ಲಿ. ಓದಿದ್ದು ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ. ಆಗ ಅಮೆರಿಕ ಸರ್ಕಾರದ ನೆರವಿನ ಯೋಜನೆಯಲ್ಲಿ ಟೆನೆಸ್ಸಿ ವಿಶ್ವವಿದ್ಯಾಲಯದ ಪ್ರೊಫೆಸರುಗಳು ನಮ್ಮ ಮೈಸೂರು ರಾಜ್ಯಕ್ಕೆ ಬರುತ್ತಿದ್ದರು. ಹಾಗೆ ಆ ವಿಶ್ವವಿದ್ಯಾಲಯ ಇರುವ ನಾಕ್ಸ್‌ವಿಲ್ ಅನ್ನುವ ಊರಿನ ಹೆಸರು ಕಿವಿಗೆ ಬಿತ್ತು. ಅರ್ಜಿ ಹಾಕಿದೆ, ಸೀಟು ಸಿಕ್ಕಿತು. ಏರ್ ಇಂಡಿಯಾ ನ್ಯೂಯಾರ್ಕಿಗೆ ಹಾರಾಟ ಶುರುಮಾಡಿ ಆಗ ಎರಡೇ ವರ್ಷ. ಇಳಿದದ್ದು ಐಡಲ್‌ವೈಲ್ಡ್ ವಿಮಾನ ನಿಲ್ದಾಣದಲ್ಲಿ. ನೀನು ಇಳಿದ ಜೆಎಫ್‌ಕೆ ಅದೇ, ಆ ಹೆಸರು ಬಂದದ್ದು ಮುಂದಿನ ವರ್ಷ. ಜೇಬಿನಲ್ಲಿ ಇದ್ದದ್ದು 8 ಡಾಲರ್. ದೇಶದಲ್ಲಿ ವಿದೇಶಿ ಹಣಕ್ಕೆ ಅಷ್ಟು ಬರ ಇತ್ತು, ಅದಕ್ಕಿಂತ ಜಾಸ್ತಿ ತರಲು ಬಿಡುತ್ತಿರಲಿಲ್ಲ. ನ್ಯೂಯಾರ್ಕಿನಿಂದ ನಾಕ್ಸ್‌ವಿಲ್ಲಿಗೆ ಹೋಗುವ ಬಸ್ ಟಿಕೆಟ್ಟನ್ನು ಬೊಂಬಾಯಿಯಲ್ಲೇ ರೂಪಾಯಿ ಕೊಟ್ಟು ತೆಗೆದುಕೊಂಡಿದ್ದೆ. ಆಗ ಡಾಲರಿಗೆ 4 ರೂಪಾಯಿ 76 ಪೈಸೆ.

ಬೆಲೆಯ ಮಾತಿಗೆ ಬರೋಣ. ಒಂದು ಪೌಂಡ್ ಬ್ರೆಡ್ಡಿಗೆ 20 ಸೆಂಟ್. ಪೆಟ್ರೋಲು ಗ್ಯಾಲನ್ನಿಗೆ 30 ಸೆಂಟ್ ಆಸುಪಾಸು. ಮೆಕ್‌ಡೊನಾಲ್ಡ್ಸ್ ಹ್ಯಾಂಬರ್ಗರಿಗೆ 15 ಸೆಂಟ್. ಒಳನಾಡಿನ ಕಾಗದಕ್ಕೆ 4 ಸೆಂಟಿನ ಸ್ಟಾಂಪು. ಕೇಳಿದರೆ ಸ್ವರ್ಗ ಅನ್ನಿಸುತ್ತದೆ, ಅಲ್ವಾ? ಆದರೆ ಬೆಲೆಯೊಂದನ್ನೇ ನೋಡಬೇಡ. ಅದನ್ನು ಕೊಳ್ಳಲು ಎಷ್ಟು ಹೊತ್ತು ದುಡಿಯಬೇಕಿತ್ತು ಅಂತ ನೋಡು.

ನಾನು ಓದಿನ ಜೊತೆಗೆ ಒಂದು ಕೆಫೆಟೇರಿಯಾದಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಗಂಟೆಗೆ 75 ಸೆಂಟ್. ದೇಶದ ಕನಿಷ್ಠ ಕೂಲಿ 1 ಡಾಲರ್ 15 ಸೆಂಟ್ ಇತ್ತು. ಆದರೆ ಹೋಟೆಲು ಕೆಲಸದವರನ್ನು ಆ ಕಾನೂನು ಇನ್ನೂ ಸೇರಿಸಿಕೊಂಡಿರಲಿಲ್ಲ. ನನಗೆ ಒಂದು ಗ್ಯಾಲನ್ ಪೆಟ್ರೋಲಿಗೆ 24 ನಿಮಿಷದ ದುಡಿಮೆ ಬೇಕಿತ್ತು. ಈಗ ಗಂಟೆಗೆ 15 ಡಾಲರ್ ಸಿಗುವ ಹುಡುಗನಿಗೆ ಕಾಲು ಗಂಟೆ ಸಾಕು. ಬಣ್ಣದ ಟಿವಿಗೆ 400 ಡಾಲರಿಗೂ ಮೇಲೆ, ಅಂದರೆ ನನ್ನ ಐನೂರು ಗಂಟೆಗಿಂತ ಜಾಸ್ತಿ ದುಡಿಮೆ. ಊರಿಗೆ ಹೋಗಿಬರುವ ವಿಮಾನದ ಟಿಕೆಟ್ಟು ಆರು ತಿಂಗಳ ಸಂಪಾದನೆಯನ್ನು ನುಂಗುತ್ತಿತ್ತು. ನಾನು ಮೊದಲ ಸಲ ಊರಿಗೆ ಹೋದದ್ದು 1968ರಲ್ಲಿ.

ಇನ್ನು ಬಾಡಿಗೆ ಮತ್ತು ಫೀಸು. ಇದರಲ್ಲಿ ನೀನು ಹೇಳಿದ್ದೇ ಸರಿ. ನನ್ನ ಕೋಣೆಗೆ ತಿಂಗಳಿಗೆ 30 ಡಾಲರ್, ಆ ಕಡಿಮೆ ಕೂಲಿಯಲ್ಲೂ 40 ಗಂಟೆ ದುಡಿದರೆ ಬಾಡಿಗೆ ಬಂದುಬಿಡುತ್ತಿತ್ತು. ಇಲ್ಲಿನ ಹುಡುಗರು ಬೇಸಿಗೆ ರಜೆಯಲ್ಲಿ ದುಡಿದು ರಾಜ್ಯದ ವಿಶ್ವವಿದ್ಯಾಲಯದ ವರ್ಷದ ಫೀಸು ಕಟ್ಟುತ್ತಿದ್ದರು. ಆಗಿನ ಒಂದು ಡಾಲರ್ ಅಂದರೆ ಈಗಿನ ಸುಮಾರು ಹತ್ತು ಡಾಲರ್. ಆ ಲೆಕ್ಕದಲ್ಲಿ ಅಂದಿನ ಕನಿಷ್ಠ ಕೂಲಿ ಇವತ್ತಿನ ಹನ್ನೆರಡು ಡಾಲರಿಗೆ ಹತ್ತಿರ. ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರಿಂದ 7 ಡಾಲರ್ 25 ಸೆಂಟಿನಲ್ಲೇ ನಿಂತಿದೆ. "ನಮ್ಮ ಕಾಲದಲ್ಲಿ ನಾವು ಕಷ್ಟಪಟ್ಟೆವು, ನೀವೂ ಪಡಿ" ಅಂತ ನನ್ನ ವಯಸ್ಸಿನವರು ಯಾರಾದರೂ ಹೇಳಿದರೆ, ಈ ಲೆಕ್ಕ ಅವರ ಮುಂದಿಡು.

ಊಟ. ನಮ್ಮದು ತಿಪಟೂರಿನ ಹತ್ತಿರದ ಹಳ್ಳಿ, ಮನೆಯಲ್ಲಿ ಮೊಟ್ಟೆ ಕೂಡ ಮುಟ್ಟಿದವರಲ್ಲ. ಟೆನೆಸ್ಸಿಯಲ್ಲಿ ಹುರುಳಿಕಾಯಿ ಬೇಯಿಸುವಾಗಲೂ ಒಂದು ತುಂಡು ಹಂದಿಮಾಂಸ ಹಾಕುತ್ತಾರೆ. "ಮಾಂಸ ತಿನ್ನುವುದಿಲ್ಲ" ಅಂದರೆ ಪಾಪ, ಪ್ರೀತಿಯಿಂದ ಕೋಳಿ ತಂದಿಡುತ್ತಿದ್ದರು. ಮೊದಲ ತಿಂಗಳು ಬ್ರೆಡ್ಡು, ಕಡಲೆಕಾಯಿ ಬೆಣ್ಣೆ, ಬಾಳೆಹಣ್ಣು, ಇಷ್ಟರಲ್ಲೇ ಕಳೆದೆ. ಆಮೇಲೆ ಒಂದೊಂದೇ ದಾರಿ ಸಿಕ್ಕಿತು. ಕ್ರೀಮ್ ಆಫ್ ವೀಟ್ ಅಂತ ಡಬ್ಬಿಯಲ್ಲಿ ಬರುತ್ತದಲ್ಲ, ಇವರು ಅದನ್ನು ಹಾಲಿನಲ್ಲಿ ಗಂಜಿ ಮಾಡಿ ತಿನ್ನುತ್ತಾರೆ. ಹುರಿದು ನೋಡಿದೆ. ನಮ್ಮ ರವೆಯೇ! ಉಪ್ಪಿನಕಾಯಿಗೆ ಹಾಕುವ ಮಸಾಲೆಯ ಪೊಟ್ಟಣದಿಂದ ಸಾಸಿವೆ ಆರಿಸಿಕೊಂಡೆ. ಅವತ್ತು ಮಾಡಿದ ಉಪ್ಪಿಟ್ಟಿನ ಘಮ ಇವತ್ತಿಗೂ ಮೂಗಿನಲ್ಲಿದೆ. ರೈಸ್ ಕ್ರಿಸ್ಪೀಸಿಗೆ ಈರುಳ್ಳಿ, ಖಾರದ ಪುಡಿ, ನಿಂಬೆರಸ ಹಾಕಿದರೆ ಚುರುಮುರಿ. ಹಳದಿ ಬಟಾಣಿ ಬೇಳೆ ಬೇಯಿಸಿ ನಿಂಬೆಹಣ್ಣು ಹಿಂಡಿದರೆ ಸಾರು. ಅಂಗಡಿಯ ಮಜ್ಜಿಗೆಯನ್ನೇ ಹೆಪ್ಪು ಹಾಕಿ, ಗ್ಯಾಸ್ ಓವನ್ನಿನೊಳಗೆ ಸದಾ ಉರಿಯುವ ಸಣ್ಣ ಜ್ವಾಲೆಯ ಕಾವಿನಲ್ಲಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಮೊಸರು. ತೊಗರಿಬೇಳೆ ಬೇಕೆಂದರೆ ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂದ ಕಲುಸ್ತ್ಯಾನ್ಸ್ ಅಂಗಡಿಗೆ ಕಾಗದ ಬರೆದು ಅಂಚೆಯಲ್ಲಿ ತರಿಸಬೇಕಿತ್ತು. ನಾಲ್ಕು ಜನ ಹುಡುಗರು ಸೇರಿ ತರಿಸುತ್ತಿದ್ದೆವು. ಬೇಳೆ ಬಂದ ದಿನ ಹಬ್ಬ.

ಕೋಣೆ ಸಿಕ್ಕಿದ್ದು ಸುಲಭವಾಗಿ ಅಲ್ಲ. ಫೋನಿನಲ್ಲಿ "ಖಾಲಿ ಇದೆ, ಬಾ" ಅಂದವರು ಬಾಗಿಲಲ್ಲಿ ನನ್ನ ಮುಖ ನೋಡಿ "ಈಗ ತಾನೇ ಕೊಟ್ಟುಬಿಟ್ಟೆವು" ಅಂದರು. ಎರಡು ಕಡೆ ಹೀಗಾಯಿತು. ನಾನು ಬರುವ ಎರಡು ವರ್ಷ ಮೊದಲು ನಾಕ್ಸ್‌ವಿಲ್ ಕಾಲೇಜಿನ ಕಪ್ಪು ವಿದ್ಯಾರ್ಥಿಗಳು ಗೇ ಸ್ಟ್ರೀಟಿನ ಅಂಗಡಿಗಳ ಊಟದ ಕಟ್ಟೆಗಳಲ್ಲಿ ಕೂತು ಸತ್ಯಾಗ್ರಹ ಮಾಡಿ ಅವನ್ನು ಎಲ್ಲರಿಗೂ ತೆರೆಸಿದ್ದರು. ನಮ್ಮ ವಿಶ್ವವಿದ್ಯಾಲಯ ಪದವಿ ತರಗತಿಗೆ ಕಪ್ಪು ಹುಡುಗರನ್ನು ಸೇರಿಸಿಕೊಂಡದ್ದು 1961ರಲ್ಲಿ. ಆದರೂ ಎಲ್ಲ ಬಾಗಿಲೂ ತೆರೆದಿರಲಿಲ್ಲ. ಒಂದು ಸಂಜೆ ಕಪ್ಪು ಸಹಪಾಠಿಯೊಬ್ಬನ ಜೊತೆ ಊಟಕ್ಕೆ ಹೋದೆ. ನನ್ನನ್ನು "ಫಾರಿನ್ ಸ್ಟೂಡೆಂಟ್" ಅಂತ ಒಳಗೆ ಬಿಟ್ಟರು. ಈ ಮಣ್ಣಿನಲ್ಲೇ ಹುಟ್ಟಿದ ಅವನನ್ನು ಬಿಡಲಿಲ್ಲ. ಇಬ್ಬರೂ ಹೊರಗೆ ಬಂದೆವು. ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ. ನನಗೆ ನಮ್ಮೂರಿನ ಬಾವಿಕಟ್ಟೆ ಕಣ್ಣ ಮುಂದೆ ಬಂತು, ಅಲ್ಲಿ ಯಾರು ದೂರ ನಿಂತು ಕಾಯುತ್ತಿದ್ದರು ಅನ್ನುವುದೂ. ಹೋಟೆಲುಗಳಲ್ಲಿ ಬಣ್ಣ ನೋಡಿ ಹೊರಗಿಡಬಾರದು ಅನ್ನುವ ನಾಗರಿಕ ಹಕ್ಕುಗಳ ಕಾನೂನು ಬಂದದ್ದು 1964ರ ಜುಲೈ 2ಕ್ಕೆ. ನಾವು ಇವತ್ತು ಈ ದೇಶದಲ್ಲಿ ತಲೆಯೆತ್ತಿ ಓಡಾಡುವುದರ ಹಿಂದೆ ಆ ಹುಡುಗರು ತಿಂದ ಏಟು ಇದೆ. ಇದನ್ನು ಮರೆತು ಮಾತಾಡುವ ನಮ್ಮವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕೊನೆಗೆ ಕೋಣೆ ಕೊಟ್ಟದ್ದು ಒಬ್ಬ ವಯಸ್ಸಾದ ವಿಧವೆ. ಅವರ ಹಜಾರದಲ್ಲಿ ಕಪ್ಪು ಬಿಳುಪು ಟಿವಿ ಇತ್ತು. ಇಡೀ ದೇಶಕ್ಕೆ ಮೂರೇ ದೊಡ್ಡ ಜಾಲ: ಎನ್‌ಬಿಸಿ, ಸಿಬಿಎಸ್, ಎಬಿಸಿ. ಭಾನುವಾರ ರಾತ್ರಿ ಎಂಟಕ್ಕೆ ಹಾಡು, ಹಾಸ್ಯ ಎಲ್ಲ ಇರುವ ಎಡ್ ಸುಲಿವಾನ್ ಕಾರ್ಯಕ್ರಮ. 1964ರ ಫೆಬ್ರವರಿಯಲ್ಲಿ ಅದರಲ್ಲಿ ಇಂಗ್ಲೆಂಡಿನ ಹಾಡುಗಾರರ ತಂಡ ಬೀಟಲ್ಸ್ ಬಂದ ರಾತ್ರಿ ಏಳು ಕೋಟಿಗೂ ಹೆಚ್ಚು ಜನ ನೋಡಿದರು, ನಾವಿಬ್ಬರೂ ಅದರಲ್ಲಿ. ನನಗೆ ಅದಕ್ಕಿಂತ ಇಷ್ಟವಾದದ್ದು ಶನಿವಾರ ರಾತ್ರಿಯ ರೇಡಿಯೋ. ನ್ಯಾಶ್‌ವಿಲ್ಲಿನಿಂದ ಗ್ರ್ಯಾಂಡ್ ಓಲ್ ಓಪ್ರಿ ಅನ್ನುವ ಹಾಡಿನ ಕಾರ್ಯಕ್ರಮ ಬರುತ್ತಿತ್ತು. ಬೆಟ್ಟದ ಕಡೆಯ ಜನರ ಪಿಟೀಲು, ಬ್ಯಾಂಜೊ, ಊರು ಬಿಟ್ಟು ಬಂದವರ ಹಾಡು. ಅರ್ಧ ಮಾತು ಅರ್ಥವಾಗುತ್ತಿರಲಿಲ್ಲ, ಆದರೂ ಕಣ್ಣು ತುಂಬುತ್ತಿತ್ತು.

ಊರಿನ ಸುದ್ದಿ ಮಾತ್ರ ಯಾವ ಡಬ್ಬಿಯಲ್ಲೂ ಬರುತ್ತಿರಲಿಲ್ಲ. ನಾನು ಬಂದ ಮುಂದಿನ ತಿಂಗಳೇ, ಅಕ್ಟೋಬರ್ 20ಕ್ಕೆ, ಚೀನಾ ನಮ್ಮ ಮೇಲೆ ಬಿತ್ತು. ಎರಡೇ ದಿನಕ್ಕೆ ಇಲ್ಲಿನ ಅಧ್ಯಕ್ಷ ಕೆನಡಿ ಟಿವಿಯಲ್ಲಿ ಬಂದು ಕ್ಯೂಬಾದಲ್ಲಿ ರಷ್ಯಾದ ಕ್ಷಿಪಣಿಗಳಿವೆ ಅಂದರು. ಇಲ್ಲಿನವರು ಅಣುಯುದ್ಧದ ಭಯದಲ್ಲಿ ಡಬ್ಬಿ ಆಹಾರ ಕೂಡಿಡುತ್ತಿದ್ದರು. ನಾನು ಲೈಬ್ರರಿಯಲ್ಲಿ ಪತ್ರಿಕೆಯ ಒಳಪುಟಗಳಲ್ಲಿ ನಮ್ಮ ಗಡಿಯ ಸುದ್ದಿ ಹುಡುಕುತ್ತಿದ್ದೆ. ನಮ್ಮೂರಿನ ಒಬ್ಬ ಹುಡುಗ ಸೈನ್ಯದಲ್ಲಿದ್ದ, ನನ್ನ ಜೊತೆ ಈಜು ಕಲಿತವನು. ಅಪ್ಪನಿಗೆ ಬರೆದು ಕೇಳಿದೆ. ಇಲ್ಲಿಂದ ಏರೋಗ್ರಾಮಿಗೆ, ಅಂದರೆ ಮಡಿಸಿ ಅಂಟಿಸುವ ವಿಮಾನ ಅಂಚೆಯ ಕಾಗದಕ್ಕೆ, 11 ಸೆಂಟ್, ಹೋಗಲು ಹನ್ನೆರಡು ದಿನ, ಉತ್ತರ ಬರಲು ಇನ್ನೂ ಹನ್ನೆರಡು ದಿನ. "ಅವನ ಸುದ್ದಿ ಇಲ್ಲ" ಅಂತ ಉತ್ತರ ಬಂತು. ಅಷ್ಟರಲ್ಲಿ ಯುದ್ಧ ನಿಂತಿತ್ತು.

ಅಕ್ಕ ಪ್ರಜಾವಾಣಿ ಪತ್ರಿಕೆಗಳನ್ನು ಸುರುಳಿ ಸುತ್ತಿ ಹಡಗಿನ ಅಂಚೆಯಲ್ಲಿ ಕಳಿಸುತ್ತಿದ್ದಳು. ಬರಲು ಮೂರು ತಿಂಗಳು. ಒಂದೇ ಸಲ ಓದಿ ಮುಗಿಸುತ್ತಿರಲಿಲ್ಲ. ತಾರೀಖಿನ ಪ್ರಕಾರ ಜೋಡಿಸಿ ದಿನಕ್ಕೆ ಒಂದೇ ತೆಗೆಯುತ್ತಿದ್ದೆ, ಬೆಳಗ್ಗೆ ಕಾಫಿಯ ಜೊತೆ. ಹಾಗಾಗಿ ಆ ಯುದ್ಧ ನನಗೆ ಮತ್ತೊಮ್ಮೆ 1963ರ ಫೆಬ್ರವರಿಯಲ್ಲಿ ನಡೆಯಿತು. ಒಂದೊಂದೇ ಠಾಣೆ ಬೀಳುವುದನ್ನು ಮೊದಲೇ ಗೊತ್ತಿದ್ದೂ ಓದಿದೆ. ಆ ಹುಡುಗ ಕಾಲಿಗೆ ಹಿಮ ಹೊಡೆದು ಆಸ್ಪತ್ರೆಯಲ್ಲಿದ್ದ, ಬದುಕಿದ್ದಾನೆ ಅನ್ನುವ ಕಾಗದ ಬಂದದ್ದು ಮಾರ್ಚಿನಲ್ಲಿ.

1963ರ ನವೆಂಬರ್ 22, ಶುಕ್ರವಾರ. ಲ್ಯಾಬಿನಿಂದ ಓಡಿ ಮನೆಗೆ ಬಂದೆ. ಎರಡೂವರೆ ದಾಟಿತ್ತು. ಟಿವಿಯಲ್ಲಿ ಸಿಬಿಎಸ್ ಸುದ್ದಿಯ ವಾಲ್ಟರ್ ಕ್ರಾಂಕೈಟ್ ಕನ್ನಡಕ ತೆಗೆದು, ಗಡಿಯಾರ ನೋಡಿ, ಕೆನಡಿ ತೀರಿಕೊಂಡರು ಅಂತ ಹೇಳಿದರು. ಮನೆಯೊಡತಿ ಸೋಫಾದ ತುದಿಯಲ್ಲಿ ಕೂತಿದ್ದರು. ನಾಲ್ಕು ದಿನ ಟಿವಿಯಲ್ಲಿ ಒಂದು ಜಾಹೀರಾತೂ ಇಲ್ಲ. ಭಾನುವಾರ, ಕೆನಡಿಯವರನ್ನು ಕೊಂದ ಆರೋಪದಲ್ಲಿ ಸಿಕ್ಕಿಬಿದ್ದಿದ್ದ ಆಸ್ವಾಲ್ಡನನ್ನು ಗುಂಡಿಟ್ಟು ಕೊಂದದ್ದನ್ನೂ ಕಣ್ಣಾರೆ ಕಂಡೆವು. ಅವರಿಗೆ ಅಡುಗೆ ಮಾಡುವ ಮನಸ್ಸಿರಲಿಲ್ಲ, ನಾನೇ ಉಪ್ಪಿಟ್ಟು ಮಾಡಿ ತಟ್ಟೆಯಲ್ಲಿ ಹಾಕಿಕೊಟ್ಟೆ. ಮಾತಿಲ್ಲದೆ ತಿಂದರು.

ಮುಂದಿನ ಮೇ 27ರ ಬೆಳಗ್ಗೆ ಅವರೇ ನನ್ನ ಬಾಗಿಲು ತಟ್ಟಿದರು. ರೇಡಿಯೋದಲ್ಲಿ ಕೇಳಿದ್ದರು. "ನಿಮ್ಮ ನೆಹರೂ ಹೋದರಂತೆ ಮಗು" ಅಂದರು. ಕಾಫಿ ಮಾಡಿಕೊಂಡು ಬಂದು ನನ್ನ ಕೋಣೆಯ ಕುರ್ಚಿಯಲ್ಲಿ ಮಧ್ಯಾಹ್ನದವರೆಗೆ ಸುಮ್ನೆ ಕೂತಿದ್ದರು. ಈ ದೇಶದಲ್ಲಿ ನನಗೆ ಬಂಧು ಅಂತ ಆದದ್ದು ಅವತ್ತಿನಿಂದ.

ಇಲ್ಲೇ ಉಳಿದದ್ದು ಹೇಗೆ ಅಂತಲೂ ಹೇಳಿಬಿಡುತ್ತೇನೆ. ಆಗ ಇಲ್ಲಿ ಖಾಯಂ ಆಗಿ ನೆಲೆಸಲು ಇಡೀ ಭಾರತಕ್ಕೆ ವರ್ಷಕ್ಕೆ ನೂರು ಜನರ ಕೋಟಾ. 1965ರ ಅಕ್ಟೋಬರಿನ ಕಾನೂನು ಆ ಹಳೆಯ ಕೋಟಾ ತೆಗೆದುಹಾಕಿ, ಅಮೆರಿಕ ಖಂಡಗಳ ಆಚೆಯ ಪ್ರತಿ ದೇಶಕ್ಕೂ ವರ್ಷಕ್ಕೆ ಇಪ್ಪತ್ತು ಸಾವಿರದ ಮಿತಿ ಹಾಕಿತು. ನಮಗೆ ಅದು ದೊಡ್ಡ ಬಾಗಿಲು. ಚಿಕ್ಕ ದೇಶ ದೊಡ್ಡ ದೇಶ ಅನ್ನದೆ ಎಲ್ಲಕ್ಕೂ ಒಂದೇ ಮಿತಿ ಅನ್ನುವ ಆ ಏರ್ಪಾಟೇ ಬೇರೆ ಲೆಕ್ಕದಲ್ಲಿ ಇನ್ನೂ ಉಳಿದಿದೆ. ನಿನ್ನ ಗ್ರೀನ್ ಕಾರ್ಡಿನ ಸಾಲು ಅಷ್ಟು ಉದ್ದ ಇರುವುದು ಅದರಿಂದಲೇ. ಅದು ನಿನ್ನ ತಪ್ಪಲ್ಲ, ನಿನ್ನ ಯೋಗ್ಯತೆಯ ಅಳತೆಯೂ ಅಲ್ಲ.

ವಾಪಸ್ ಹೋಗೋಣ ಅನ್ನಿಸಿತ್ತಾ ಅಂದೆಯಲ್ಲ? ಅನ್ನಿಸಿತ್ತು ಕಣಮ್ಮ. 1963ರ ಜನವರಿಯ ಒಂದು ರಾತ್ರಿ "ಅಪ್ಪ, ನನ್ನ ಕೈಲಿ ಆಗ್ತಿಲ್ಲ, ಬಂದುಬಿಡ್ತೀನಿ" ಅಂತ ಏರೋಗ್ರಾಮ್ ಬರೆದೆ. ಮಡಿಸಿ ಅಂಟಿಸಿದೆ. ಹಿಮದಲ್ಲಿ ಅಂಚೆ ಡಬ್ಬಿಯವರೆಗೂ ನಡೆದೆ. ಅಲ್ಲಿ ನಿಂತು ಲೆಕ್ಕ ಹಾಕಿದೆ. ಇದು ಅಪ್ಪನ ಕೈ ಸೇರುವುದು ಹನ್ನೆರಡು ದಿನಕ್ಕೆ. ಅಷ್ಟರಲ್ಲಿ ನನಗೆ ಹೇಗನ್ನಿಸುತ್ತಿರುತ್ತದೋ. ಆದರೆ ಅಮ್ಮ ಮಾತ್ರ ಅವತ್ತಿನಿಂದ ಅಳಲು ಶುರುಮಾಡುತ್ತಾಳೆ. ನಾನು ಸರಿಹೋದೆ ಅಂತ ಬರೆದರೂ ಅದು ತಲುಪಲು ಇನ್ನೂ ಹನ್ನೆರಡು ದಿನ. ಡಬ್ಬಿಗೆ ಹಾಕದೆ ವಾಪಸ್ ಬಂದೆ. ಅಲ್ಲಿಂದ ಮುಂದೆ ತಿಂಗಳಾದ ಮೇಲೂ ನಿಜವಾಗಿರುವಂಥದ್ದನ್ನು ಮಾತ್ರ ಬರೆಯುತ್ತಿದ್ದೆ. ಉಳಿದದ್ದನ್ನು ಒಬ್ಬನೇ ನುಂಗಿಕೊಂಡೆ. ನೀನು ಹಾಗೆ ಮಾಡಬೇಕಿಲ್ಲ. ಅಳು ಬಂದ ಹೊತ್ತಿಗೇ ಅಮ್ಮನಿಗೆ ಫೋನ್ ಮಾಡು. ನಿನ್ನೆ ಮಾಡಿದ್ದೆ, ಇವತ್ತೂ ಮಾಡಿದರೆ ಏನಂದುಕೊಳ್ಳುತ್ತಾರೋ ಅಂತ ಯೋಚಿಸಬೇಡ.

ಶನಿವಾರ ಬಿಡುವಿದ್ದರೆ ಮನೆಗೆ ಬಾ. ಅಂಗಡಿಯಲ್ಲಿ ಈಗ ಬೇಕಾದಷ್ಟು ಬನ್ಸಿ ರವೆ ಸಿಗುತ್ತದೆ, ಆದರೂ ನಾನು ಕ್ರೀಮ್ ಆಫ್ ವೀಟ್ ಉಪ್ಪಿಟ್ಟನ್ನೇ ಮಾಡುತ್ತೇನೆ. ಆ ಕಾಗದ ಇನ್ನೂ ಟ್ರಂಕಿನಲ್ಲಿದೆ, ಅಂಟಿಸಿದ್ದು ಅಂಟಿಸಿದ ಹಾಗೇ.