ವರ್ಳಿಯ ಖೋಲಿಗಳು ಖಾಲಿ ಬಿದ್ದದ್ದೇಕೆ?

ಪ್ರಶ್ನೆ: ಮುಂಬೈಯ ಬಿಡಿಡಿ ಚಾಳುಗಳಲ್ಲಿ, ಅಂದರೆ ಸಾಲು ಕೋಣೆಗಳ ಬಾಡಿಗೆ ಕಟ್ಟಡಗಳಲ್ಲಿ, ಖೋಲಿ (ಕೋಣೆ) ಸಿಗುವುದೇ ಕಷ್ಟ ಎನ್ನುತ್ತಾರೆ. ಕಟ್ಟಿದ ಹೊಸದರಲ್ಲಿ ಮಾತ್ರ ಬಾಡಿಗೆಗೆ ಯಾರೂ ಬರಲಿಲ್ಲವಂತೆ. ಆಗಿನ ಸರ್ಕಾರ ಏನು ಪರಿಹಾರ ಕೊಟ್ಟಿತು?

ಉತ್ತರ: ಎರಡೂ ನಿಜ. ಗವರ್ನರ್ ಜಾರ್ಜ್ ಲಾಯ್ಡ್ ಕಾಲದಲ್ಲಿ, 1920ರಲ್ಲಿ, ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ (ಬಿಡಿಡಿ) ಹುಟ್ಟಿತು. ಗಿರಣಿ ಕಾರ್ಮಿಕರಿಗೆ 50,000 ಖೋಲಿ ಕಟ್ಟಬೇಕೆಂದಿತ್ತು. ಹಣಕ್ಕಾಗಿ ಊರೊಳಗೆ ಬರುವ ಹತ್ತಿಯ ಒತ್ತಿ ಕಟ್ಟಿದ ಪ್ರತಿ ಬೇಲ್‌ಗೆ 1 ರೂಪಾಯಿ ಸುಂಕ ಹಾಕಿದರು.

ಎಡವಟ್ಟಾದದ್ದು ಲೆಕ್ಕದಲ್ಲಿ. ಮಹಾಯುದ್ಧ ಮುಗಿದ ಹೊಸತು, ಸಿಮೆಂಟು ಕಬ್ಬಿಣ ಎಲ್ಲದರ ಬೆಲೆ ಏರಿತ್ತು. ಆ ಖರ್ಚನ್ನು ಹಿಡಿದು ಬಾಡಿಗೆ ಕಟ್ಟಿದರೆ ಕಾರ್ಮಿಕನ ಸಂಬಳಕ್ಕೆ ಎಟುಕುವಂತಿರಲಿಲ್ಲ. ಚಾಳು ಎದ್ದು ನಿಲ್ಲುವಷ್ಟರಲ್ಲಿ ಗಿರಣಿಗಳಿಗೂ ಮುಗ್ಗಟ್ಟು ಬಂತು. ಹೆಚ್ಚಿನ ಚಾಳು ಎದ್ದ ವರ್ಳಿ ಆಗ ಊರಿನ ಅಂಚು. ಪಾಳಿಗೆ ನಡೆದೇ ಹೋಗುವವರಿಗೆ ಅದು ದೂರ.

ಒಳಗೆ ಹೊಕ್ಕರೆ 160 ಚದರಡಿಯ ಒಂದೇ ಕೋಣೆ. ಆರು ಜನರ ಸಂಸಾರವಾದರೆ ತಲೆಗೆ 27 ಚದರಡಿಯೂ ಇಲ್ಲ. ಮಹಡಿಗೆ 20 ಖೋಲಿ, ನಡುವೆ ಕತ್ತಲೆಯ ಓಣಿ, ಕಕ್ಕಸು ಎಲ್ಲರಿಗೂ ಸೇರಿ. ಕಿಟಕಿಯ ಜಾಗದಲ್ಲಿ ಕಾಂಕ್ರೀಟಿನ ಓರೆ ಪಟ್ಟಿ ಕೂರಿಸಿದ್ದರು. ತೆರೆಯಲು ಬಾರದ ಆ ಪಟ್ಟಿ ಬೆಳಕನ್ನೂ ತಡೆಯಿತು, ಗಾಳಿಯನ್ನೂ ತಡೆಯಿತು.

ಸರ್ಕಾರ ಕಡೆಗೆ ಮಾಡಿದ್ದು ಎರಡು ಕೆಲಸ. ಬಾಡಿಗೆಯನ್ನು ಖರ್ಚಿಗಿಂತ ಕೆಳಗಿಳಿಸಿ, ನಷ್ಟವನ್ನು ತಾನೇ ಹೊತ್ತುಕೊಂಡಿತು. ಮುಂದೆ ಕಟ್ಟುವುದನ್ನೇ ಕೈಬಿಟ್ಟಿತು. ಅಷ್ಟರಲ್ಲಿ ಎದ್ದಿದ್ದವು ಇಷ್ಟು: ವರ್ಳಿ 121, ನಾಯಗಾಂವ್ 42, ಡಿಲೈಲ್ ರೋಡ್ 32, ಶಿವಡಿ 12, ಹೀಗೆ ಒಟ್ಟು 207 ಚಾಳು. ಒಂದೊಂದರಲ್ಲಿ 80ರಂತೆ ಹಿಡಿದರೆ ಖೋಲಿ 16,560, ಅಂದುಕೊಂಡದ್ದರ ಮೂರನೇ ಒಂದು ಪಾಲು. ಬಾಡಿಗೆ ಇಳಿಸಿದ್ದು ಸರಿಯೇ. ಆದರೆ ಮೊದಲು ಸಂಬಳ ನೋಡಿ ಬಾಡಿಗೆ ಗೊತ್ತುಮಾಡಿ, ಅದಕ್ಕೊಪ್ಪುವ ಕಟ್ಟಡ ಯೋಚಿಸಿದ್ದರೆ ಅಷ್ಟು ನಷ್ಟ ಬೇಕಿರಲಿಲ್ಲ. ಖಾಲಿ ಜಾಗ ಬೇರೆ ಕೆಲಸಕ್ಕೂ ಬಂತು: 1930ರ ಕಾನೂನುಭಂಗದಲ್ಲಿ ಸೆರೆಯಾದವರನ್ನು ವರ್ಳಿ ಚಾಳುಗಳಲ್ಲೇ ಕೂಡಿಹಾಕಿದರು.

ಪ್ರಶ್ನೆ: ನಾಯಗಾಂವ್‌ನ ನಮ್ಮ ಖೋಲಿ ಅಜ್ಜನ ಹೆಸರಿನಲ್ಲೇ ಇದೆ. ಚಾಳು ಕೆಡವಿ ಹೊಸದು ಕಟ್ಟುವ ಪುನರ್ವಿಕಾಸದಲ್ಲಿ ತೊಂದರೆಯಾದೀತೇ?

ಉತ್ತರ: ಹೆಸರು ಬದಲಾಯಿಸದೆ ಬಿಟ್ಟರೆ ಆದೀತು. ನೀವು ಖೋಲಿಯ ಮಾಲೀಕರಲ್ಲ, ಸರ್ಕಾರದ ಬಾಡಿಗೆದಾರರು. ಹಕ್ಕು ನಿಂತಿರುವುದು ಬಾಡಿಗೆ ರಸೀದಿಯ ಮೇಲೆ. ರಾಜ್ಯದ ವಸತಿ ಪ್ರಾಧಿಕಾರ ಮ್ಹಾಡಾ ಕೊಡುವ 500 ಚದರಡಿಯ ಫ್ಲಾಟು ಅರ್ಹರೆಂದು ತೀರ್ಮಾನವಾದವರಿಗಷ್ಟೇ. ಅಜ್ಜನ ಮರಣ ಪತ್ರ, ವಾರಸುದಾರರ ದಾಖಲೆ, ಹಳೆಯ ರಸೀದಿಗಳು, ಕರೆಂಟು ಬಿಲ್ಲು, ಪಡಿತರ ಚೀಟಿ ಒಟ್ಟುಮಾಡಿ ಚಾಳುಗಳ ನಿರ್ದೇಶಕರ ಕಚೇರಿಯಲ್ಲಿ ವರ್ಗಾವಣೆಗೆ ಅರ್ಜಿ ಕೊಡಿ. ಚಿಕ್ಕಪ್ಪ, ಅತ್ತೆಯಂದಿರ ಒಪ್ಪಿಗೆ ಲಿಖಿತವಾಗಿಯೇ ಇರಲಿ. ಬಾಯಿಮಾತು ನಂಬಿ ಕೂತ ಕಡೆಯೇ ಅರ್ಜಿಗಳು ಸಿಕ್ಕಿಕೊಳ್ಳುವುದು. ಸ್ವೀಕೃತಿ ಮೊಹರು ಬಿದ್ದ ಪ್ರತಿ ಪಡೆಯದೆ ಕೌಂಟರ್ ಬಿಟ್ಟು ಬರಬೇಡಿ.